ಆಚೆ ದಡದ ವೀಳ್ಯ

“ಗುರುಗಳೇ, ನೆರೆಸೀಮೆಯಲ್ಲಿ ಒಡಹುಟ್ಟಿದವರು ಪಟ್ಟಕ್ಕಾಗಿ ಬಡಿದಾಡುತ್ತಾ ತಮ್ಮದೇ ಪ್ರಜೆಗಳನ್ನು ಕೊಲ್ಲುತ್ತಿದ್ದರೆ, ಹೊರಗಿನ ಬಲಶಾಲಿ ಅಲ್ಲಿಗೆ ನುಗ್ಗಬಹುದೇ? ಹೋದರೆ ಅದು ಪರರ ಮನೆ. ಹೋಗದೆ ಕುಳಿತರೆ ಕೊಲೆ ನೋಡಿದ ಪಾಪ. ಇದರಲ್ಲಿ ಧರ್ಮ ಯಾವುದು?”

ಕೇಳಿದವನು ಶಿಷ್ಯ ಮಡಿವಾಳಯ್ಯ. ಗುರುಗಳು ಜಪಮಣಿಯನ್ನು ಕೆಳಗಿಟ್ಟು ಒಂದು ಕತೆ ಹೇಳಿದರು.

ಒಂದು ಹೊಳೆಯ ಈಚೆ ದಡದಲ್ಲಿ ಒಬ್ಬ ಪಾಳೆಯಗಾರನಿದ್ದ. ಶೂರ, ದೈವಭಕ್ತ, ಹಿರಿಯರು ಹಾಕಿದ ಕಟ್ಟನ್ನು ಮೀರದವನು. ಆಚೆ ದಡದಿಂದ ನೆರವಿಗೆ ಕರೆಯುವ ವೀಳ್ಯ ಬಾರದೆ ಆಯುಧ ಹಿಡಿದು ಹೊಳೆ ದಾಟಬಾರದು ಎಂಬುದು ಅವನ ಅಜ್ಜ ಮಾಡಿದ ಕಟ್ಟು. ಆ ವೀಳ್ಯವನ್ನು ಊರಿನ ಒಡೆಯನ ಕೈಯಿಂದಲೋ ಮುತ್ತೈದೆಯ ಕೈಯಿಂದಲೋ ತೆಗೆದುಕೊಳ್ಳಬೇಕು. ವಿಧವೆಯ ಕೈಯ ವೀಳ್ಯ ಸಲ್ಲುವುದಿಲ್ಲ.

ಆಚೆ ದಡದ ಒಡೆಯ ಸತ್ತ. ಅವನ ಮಕ್ಕಳಿಬ್ಬರೂ ಪಟ್ಟ ತನಗೇ ಎಂದರು. ಬೆಳೆ ಹೋಯಿತು, ದನ ಹೋದವು, ಆಮೇಲೆ ಜನ ಹೋಗತೊಡಗಿದರು. ಅಣ್ಣನೂ ಬೆಳ್ಳಿಯ ತಟ್ಟೆಯಲ್ಲಿ ವೀಳ್ಯ ಕಳಿಸಿದ, ತಮ್ಮನೂ ಕಳಿಸಿದ. ಪಾಳೆಯಗಾರ ಎರಡನ್ನೂ ಮುಟ್ಟದೆ ಹಿಂದಕ್ಕೆ ಕಳಿಸಿದ. ಒಬ್ಬನದನ್ನು ಹಿಡಿದರೆ ಇನ್ನೊಬ್ಬನ ಕೊರಳು ಕೊಯ್ಯಬೇಕಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ತಾನು ಧರ್ಮದಲ್ಲಿ ನಿಂತಿದ್ದೇನೆ ಎಂಬ ನೆಮ್ಮದಿಯಿಂದ ಅವನು ಉಂಡ, ಮಲಗಿದ.

ಒಂದು ಬೆಳಗ್ಗೆ ಆಚೆಯಿಂದ ಒಬ್ಬ ಮುದುಕಿ ಸೋರೆಬುರುಡೆ ಕಟ್ಟಿಕೊಂಡು ಈಜಿ ಅವನ ಓಲಗಕ್ಕೆ ಬಂದಳು. ಕೆಳಗೇರಿಯವರು ತಮ್ಮನ ಆಳುಗಳಿಗೆ ಅನ್ನವಿಕ್ಕಿದರೆಂದು ಅಣ್ಣನ ಕಡೆಯವರು ಇಡೀ ಕೇರಿಯನ್ನು ಎರಡು ಉಗ್ರಾಣಗಳಲ್ಲಿ ಕೂಡಿಹಾಕಿದ್ದರು. ಸುತ್ತ ಹುಲ್ಲು ಒಟ್ಟುತ್ತಿದ್ದಾಗ ಅವಳೊಬ್ಬಳು ಕಣ್ತಪ್ಪಿಸಿ ಬಂದಿದ್ದಳು. ಅವಳ ಸೊಸೆ, ಸೊಸೆಯ ಕೂಸು ಮೊದಲನೆಯ ಉಗ್ರಾಣದಲ್ಲಿದ್ದರು. ಇಷ್ಟನ್ನು ಹೇಳಿ, ಹಿಂದಿನ ದಿನ ಸತ್ತ ಗಂಡನ ಎಲೆಯಡಿಕೆಯ ಸಂಚಿಯಿಂದ ನೆನೆದ ಎಲೆ, ಒಂದು ಹೋಳು ಅಡಿಕೆ ತೆಗೆದು ಕೈ ಚಾಚಿದಳು.

ಪಾಳೆಯಗಾರನ ಕೈ ಅರ್ಧಕ್ಕೆ ನಿಂತಿತು. ಅವನು ಪುರೋಹಿತನ ಮುಖ ನೋಡಿದ. ಪುರೋಹಿತ ಅಜ್ಜನ ಕಟ್ಟನ್ನು ನೆನಪಿಸಿದ. ಕರಣಿಕ, ಇಂದು ಇದನ್ನು ಹಿಡಿದರೆ ನಾಳೆ ಯಾರು ಬೇಕಾದರೂ ಕರೆಯುತ್ತಾರೆ, ಯಾರ ಮನೆಗೆ ಬೇಕಾದರೂ ನುಗ್ಗಬೇಕಾಗುತ್ತದೆ ಎಂದ. ದಳವಾಯಿ ತನ್ನ ಆಳುಗಳ ಹೆಂಡಿರು ಮಕ್ಕಳ ಮಾತೆತ್ತಿದ. ಯಾರದೂ ಸುಳ್ಳು ಮಾತಲ್ಲ. ಬಿಸಿಲು ನೆತ್ತಿಗೆ ಬಂತು. ಮುದುಕಿ ಚಾಚಿದ ಕೈಯನ್ನು ಇಳಿಸಲಿಲ್ಲ.

ಕಡೆಗೆ ಪುರೋಹಿತ, ಮುತ್ತೈದೆಯೊಬ್ಬಳು ಬಂದಿದ್ದರೆ ನೋಡಬಹುದಿತ್ತು ಎಂದ.

ಮುದುಕಿ ಅವನತ್ತ ತಿರುಗಿದಳು. “ಹುಡುಕಿ ಕಳಿಸಲೇ, ಸ್ವಾಮಿ? ಗಂಡ ಬದುಕಿರುವ ಹೆಂಗಸು ನಮ್ಮ ದಡದಲ್ಲಿ ಈಗ ಸಿಗುವುದು ಸ್ವಲ್ಪ ಕಷ್ಟ.”

ಆ ಎರಡು ಬೆಳ್ಳಿಯ ತಟ್ಟೆಗಳನ್ನು ಕಳಿಸಿದ ಕೈಗಳೇ ಆ ಗಂಡಂದಿರನ್ನೆಲ್ಲ ಕೊಂದವು ಎಂಬುದು ಪಾಳೆಯಗಾರನಿಗೆ ಆಗ ಹೊಳೆಯಿತು. ಅವನು ಪೀಠದಿಂದ ಇಳಿದು ಬಂದು ಎರಡೂ ಕೈಯೊಡ್ಡಿ ವೀಳ್ಯ ತೆಗೆದುಕೊಂಡ.

ಹರಿಗೋಲುಗಳು ಹೊಳೆ ದಾಟಿದವು. ಊರು ಮುಟ್ಟಿದಾಗ ಮೊದಲನೆಯ ಉಗ್ರಾಣವಿದ್ದಲ್ಲಿ ಬೂದಿಯಿತ್ತು. ಮುದುಕಿ ಅಲ್ಲಿ ನಿಂತಳು. ಬಾಗಿ ಬೂದಿಯನ್ನು ಮುಟ್ಟಿದಳು. ಆಮೇಲೆ ಎದ್ದು, ಎರಡನೆಯದು ಇತ್ತ ಕಡೆ ಎಂದು ದಾರಿ ತೋರಿಸಿದಳು. ಪಾಳೆಯಗಾರ ಅವಳ ಹಿಂದೆ ನಡೆದ.

ಅಣ್ಣನ ಕಡೆಯವರು ಸ್ವಲ್ಪ ಹೊತ್ತು ಕಾದಾಡಿ ಓಡಿಹೋದರು. ಬಾಗಿಲು ಒಡೆಯುವಾಗ ಅದರ ಹಲಗೆ ಒಳಗಿದ್ದ ಮುದುಕನೊಬ್ಬನ ಮೇಲೆ ಬಿದ್ದು ಅವನು ಸತ್ತ. ಉಳಿದವರು ಬದುಕಿ ಹೊರಗೆ ಬಂದರು. ಸತ್ತವನ ತಲೆಯನ್ನು ಪಾಳೆಯಗಾರ ತನ್ನ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕುಳಿತ.

ಸಂಜೆ ಆ ಊರ ಚಾವಡಿಯಲ್ಲಿ ಕರಣಿಕ ಮೆಲ್ಲನೆ ಮಾತು ತೆಗೆದ. ನಾವು ಹೊರಟರೆ ಈ ಅಣ್ಣತಮ್ಮಂದಿರು ಮತ್ತೆ ಬರುತ್ತಾರೆ, ತಾವೇ ಇಲ್ಲಿ ನಿಂತು ಆಳಿದರೆ ಜನಕ್ಕೆ ನೆರಳು ಎಂದ. ಬೆಳಗ್ಗೆ ದಾಟಬೇಡಿ ಎಂದವನೂ ಅವನೇ. ಆದರೂ ಮಾತು ಪಾಳೆಯಗಾರನ ಕಿವಿಗೆ ಹಿತವಾಗಿತ್ತು.

ಅಷ್ಟರಲ್ಲಿ ಮುದುಕಿ ಒಂದು ಗಡಿಗೆ ಗಂಜಿ ತಂದಳು. ಎಲ್ಲರಿಗೂ ಬಡಿಸಿ, ಕಡೆಗೆ ಅವನ ಮುಂದೆ ನಿಂತಳು.

“ಕುಡಿದು ಹೊರಡಿ, ಒಡೆಯಾ. ಬಾಗಿಲು ಒಡೆಯುವುದು ನಮ್ಮ ಕೈಲಾಗಲಿಲ್ಲ, ಅದಕ್ಕೆ ಕರೆದೆ. ಗೋಡೆ ಎತ್ತುವುದು ನಮಗೆ ಬರುತ್ತದೆ.”

ಅವಳ ಕಣ್ಣಲ್ಲಿ ನೀರಿರಲಿಲ್ಲ. ಕೈಯಲ್ಲಿ ಬೂದಿ ಇನ್ನೂ ಇತ್ತು. ಪಾಳೆಯಗಾರ ಎದ್ದು ಕೈಮುಗಿದ. ಗರ್ಭಗುಡಿಯ ಮುಂದೆ ನಿಂತಾಗಲೂ ಅವನು ಹಾಗೆ ಕೈಮುಗಿದಿರಲಿಲ್ಲ. ಗಂಜಿಯನ್ನು ತೀರ್ಥದ ಹಾಗೆ ತೆಗೆದುಕೊಂಡು, ಅವಳ ಕಾಲಿಗೆ ಹಣೆ ಹಚ್ಚಿ, ಚಾವಡಿಯಿಂದ ಇಳಿದ. ಹರಿಗೋಲುಗಳನ್ನು ಆ ದಡದಲ್ಲೇ ಉಳಿಸಿದ. ಇನ್ನು ಮುಂದೆ ಕರೆಯಲು ಬರುವವರು ಈಜಿ ಬರುವಂತಾಗಬಾರದು ಎಂದ. ತನ್ನವರೊಂದಿಗೆ ತಾನೂ ನೀರಿಗಿಳಿದು ಈಜಿಕೊಂಡು ಮನೆಗೆ ಬಂದ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಜಪಮಣಿ ಕೈಗೆತ್ತಿಕೊಂಡರು. ಮಡಿವಾಳಯ್ಯನ ಮನಸ್ಸು ನಿಲ್ಲಲಿಲ್ಲ. ವಿಧವೆಯ ವೀಳ್ಯ ಕಟ್ಟಿಗೆ ಸಲ್ಲುತ್ತದೆಯೇ, ಬಾಗಿಲ ಕೆಳಗೆ ಸತ್ತವನ ಪಾಪ ಯಾರಿಗೆ, ಒಟ್ಟಿನಲ್ಲಿ ಆತ ಹೊಳೆ ದಾಟಿದ್ದು ಧರ್ಮವೋ ಅಧರ್ಮವೋ ಎಂದು ಒಂದರ ಮೇಲೊಂದು ಕೇಳಿದ.

ಗುರುಗಳು ಅವನನ್ನೇ ನೋಡಿ ಹೇಳಿದರು: “ಮಗು, ಈಚೆ ದಡದವರು ಇದನ್ನೇ ಕೇಳುತ್ತಾ ಕುಳಿತಿದ್ದಾಗಲೇ ಮೊದಲನೆಯ ಉಗ್ರಾಣ ಉರಿದದ್ದು.”