ಕೀಲಿಮಣೆ ಡಾಂಗಲನ್ನು ಎಬ್ಬಿಸಿದ್ದು

ಪಂಚಾಯಿತಿ ಗ್ರಂಥಾಲಯದಲ್ಲೊಂದು ಕೀಲಿಮಣೆ ಇತ್ತು. ಅದು ಎಂಟರ್ ಒತ್ತಿದ ರಭಸಕ್ಕೆ ಮೂರು ಹಳ್ಳಿಯ ತೆಂಗಿನಕಾಯಿ ಉದುರುತ್ತಿದ್ದವು; ನಂಬದಿದ್ದರೆ ಮರಗಳನ್ನೇ ಕೇಳಿ. ಅಲ್ಲಿನ ಹಳೇ ಕಂಪ್ಯೂಟರಿಗೆ ಮೌಸ್ ಇಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆ ಬರೆದೇ ವೈಫೈ ಹಿಡಿಯಬೇಕು. ಸಂಜೆಯೊಳಗೆ ಹಿಡಿಯದಿದ್ದರೆ ಕಂಪ್ಯೂಟರ್, ಕೀಲಿಮಣೆ ಎರಡೂ ಗುಜರಿ ಗಾಡಿ ಹತ್ತಬೇಕು.

"ಲೋ ರೂಟರ್, ಪಾಸ್‌ವರ್ಡ್ ತಗೋ, ಬಾಗಿಲು ತೆಗಿ!" ಎಂದು ಕೀಲಿಮಣೆ ಸಾವಿರ ಸಲ ಬರೆಯಿತು. ಗೋಡೆಯ ಮೇಲೆ ಕೂತು ವೈಫೈ ಹಂಚುವ ರೂಟರ್ ಬಾಗಿಲು ತೆಗೆಯಲಿಲ್ಲ. "ಕಿವುಡ ಕಣೋ ಇವನು!" ಎಂದು ಕೀಲಿಮಣೆ ಗೊಣಗಿತು.

"ಅಣ್ಣಾ, ನಿನ್ನ ಮಾತು ಅವನಿಗೆ ಮುಟ್ಟಿಸೋದು ನನ್ನ ಬೆನ್ನಿಗೆ ಸಿಕ್ಕಿಸಿರೋ ವೈಫೈ ಕಡ್ಡಿ, ಈ ಡಾಂಗಲ್. ಅವನನ್ನ ಎಬ್ಬಿಸಿದೆಯಾ?" ಎಂದು ಕಂಪ್ಯೂಟರ್ ಕೇಳಿತು.

ಬೆರಳುದ್ದದವನಿಗೆ ಆಜ್ಞೆ ಕೊಡುವುದು ತನ್ನ ಘನತೆಗೆ ಕಡಿಮೆಯೆಂದು ಕೀಲಿಮಣೆ ಬಿಟ್ಟಿತ್ತು. ಅಷ್ಟರಲ್ಲಿ ಗುಜರಿ ಗಾಡಿಯ ಗಂಟೆ ಕೇಳಿಸಿತು. ಕೀಲಿಮಣೆ ಮೆಲ್ಲಗೆ ಬರೆಯಿತು: "ಏಳಪ್ಪಾ ತಮ್ಮಾ. ಸುತ್ತ ಯಾರಿದ್ದಾರೆ, ನೋಡಿ ಹೇಳು."

ಡಾಂಗಲ್ ಹಸಿರು ಕಣ್ಣು ಬಿಟ್ಟಿತು. "ರೂಟರ್ ಒಬ್ಬನಿದ್ದಾನಣ್ಣ. ಬೆಳಗಿನಿಂದ ತನ್ನ ಹೆಸರು ಹೇಳಿ ಹೇಳಿ ನಮ್ಮನ್ನೇ ಕರೀತಿದ್ದಾನೆ!"

ಪಾಸ್‌ವರ್ಡ್ ಒಂದೇ ಸಲ ಬರೆದದ್ದೇ ಸಾಕಾಯಿತು, ವೈಫೈ ಸಿಕ್ಕಿತು. ಗುಜರಿ ಗಾಡಿ ಖಾಲಿಯೇ ಹೋಯಿತು. ಈಗಲೂ ಆ ಕೀಲಿಮಣೆ ದಿನಾ ಮೊದಲು ಬರೆಯುವುದು ಇಷ್ಟೇ: "ಎದ್ದೆಯೇನೋ ತಮ್ಮಾ?"