ರವೆ ಬೇಡಿದ ಗಿಳಿ

ಬನ್ನಿ, ಹತ್ತಿರ ಬನ್ನಿ. ಚಕ್ಕುಲಿ ತಟ್ಟೆ ಮಾತ್ರ ನನ್ನ ಮಡಿಲಲ್ಲೇ ಇರಲಿ. ಕಥೆ ಹೇಳುವವನ ಬಾಯಿ ಆಡುತ್ತಿರಬೇಕು, ಕೇಳುವವರಿಗೆ ಕಿವಿ ಇದ್ದರೆ ಸಾಕು.

ತಂಬೂರಿಪುರ ಅಂತ ಒಂದು ರಾಜ್ಯ ಇತ್ತಂತೆ. ಅಲ್ಲಿ ಮೂವರು ಸಂಗೀತ ವಿದ್ವಾಂಸರಿದ್ದರು. ಹಾಡುಗಾರ ನರಹರಿರಾಯ. ವೀಣೆಯ ಸೋಮಶಾಸ್ತ್ರಿ. ಮೃದಂಗದ ಚೆನ್ನಿಗಪ್ಪ. ಮೂವರಿಗೂ ಮಹಡಿ ಮನೆ. ಮೂವರಿಗೂ ಪೆಟ್ಟಿಗೆ ತುಂಬ ಜರತಾರಿ ಶಾಲು. ಮೂವರ ಹಿತ್ತಲಲ್ಲೂ ಆನೆ ಹೊಕ್ಕು ಹೊರಳಾಡುವಂಥ ಕಣಜ. ಬೆರಳಿಗೆ ಎಷ್ಟು ಉಂಗುರವೆಂದರೆ, ಕಛೇರಿಗೆ ಕೂತಾಗ ಅವನ್ನು ಬಿಚ್ಚಿಡುವುದಕ್ಕೇ ಅರ್ಧ ಗಳಿಗೆ ಬೇಕು.

ಈ ಕಥೆ ಚೆನ್ನಿಗಪ್ಪನದು. ಪಾಪ, ಒಳ್ಳೆಯವನೇ. ತಾನು ಒಳ್ಳೆಯವನು ಅಂತ ಅವನಿಗೂ ಗೊತ್ತಿತ್ತು. ಅದೇ ಅವನ ಕಾಯಿಲೆ.

ಆ ರಾಜ್ಯದಲ್ಲಿ ಒಂದು ಪದ್ಧತಿ. ಯಾರೇ ಹೊಸ ಹಾಡು ಕಟ್ಟಿದರೂ ಅರಮನೆಯ ಗಿಳಿಮನೆಗೆ ಹೋಗಬೇಕು. ಅಲ್ಲಿ ಸಾಕವ್ವ ಅನ್ನುವ ಮುದುಕಿ ಗಿಳಿ ಸಾಕುತ್ತಿದ್ದಳು. ಗಿಳಿ ಹಾಡು ಕಲಿಯುತ್ತಿತ್ತು, ಹಾಡಿದವನ ದನಿಯಲ್ಲೇ. ಆಮೇಲೆ ಊರೂರಿಗೆ ಹಾರಿಹೋಗಿ, ಅರಳಿಕಟ್ಟೆಯ ಮೇಲೆ ಕೂತು ಹಾಡುತ್ತಿತ್ತು.

ಹಿಂದಿನ ವರ್ಷ ಪಕ್ಕದೂರಿನವನೊಬ್ಬ ನರಹರಿರಾಯನ ಹಾಡು ತನ್ನದೇ ಅಂತ ಹೇಳಿ ಸನ್ಮಾನ ಮಾಡಿಸಿಕೊಂಡಿದ್ದ. ಮೂವರೂ ರಾಜನ ಹತ್ತಿರ ಓಡಿದರು. ಅತ್ತರು, ಕರೆದರು, ಎದೆ ಬಡಿದುಕೊಂಡರು. ರಾಜ ಒಂದು ಕಟ್ಟಳೆ ಮಾಡಿ, ಕಲ್ಲಿನಲ್ಲಿ ಕೆತ್ತಿಸಿ ಅರಮನೆ ಅಂಗಳದಲ್ಲಿ ನಿಲ್ಲಿಸಿದ: "ಗಿಳಿ ಯಾರ ದನಿಯಲ್ಲಿ ನುಡಿಯುತ್ತದೋ ಆ ಮಾತು ಅವರದೇ. ಬೇರೆಯವರು ಅದನ್ನು ನನ್ನದು ಅನ್ನುವಂತಿಲ್ಲ. ದನಿ ಯಾರದೋ ಅವರು ಅದನ್ನು ನನ್ನದಲ್ಲ ಅನ್ನುವಂತಿಲ್ಲ."

ಮೂವರೂ ಹಿಗ್ಗಿ ಹೀರೇಕಾಯಿಯಾದರು. ಕೊನೆಯ ಸಾಲಿನ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಈ ವರ್ಷ ಏನಾಯಿತು? ತಗ್ಗಿನಕೆರೆ ಅನ್ನುವ ಊರಿನ ಕೆರೆ ಏರಿ ಒಡೆಯಿತು. ಮನೆ ಹೋಯಿತು, ಪೈರು ಹೋಯಿತು, ನೆಲದಡಿಯ ಹಗೇವಿನಲ್ಲಿಟ್ಟ ಕಾಳೂ ಹೋಯಿತು. ಊರಿಗೆ ಊರೇ ಬಂದು ಅರಮನೆಯ ಅಂಗಳದಲ್ಲಿ ಕೂತಿತು. ರಾಜ ತನ್ನ ಕಣಜ ತೆಗೆಸಿ ಗಂಜಿ ಕಾಯಿಸಿದ. ತಿಂಗಳೊಳಗೆ ಕಣಜದ ತಳ ಕಂಡಿತು.

ರಾಜ ಮೂವರನ್ನೂ ಕರೆಸಿದ. "ಇನ್ನು ನಾಲ್ಕೇ ದಿನಕ್ಕೆ ಗಂಜಿ ಇದೆ. ಹಸಿದವರ ಮೇಲೆ ಒಂದು ಹಾಡು ಕಟ್ಟಿ. ಗಿಳಿಗಳು ಊರೂರಿಗೆ ಒಯ್ಯಲಿ. ಕೇಳಿದ ಮನೆಯವರು ಒಂದೊಂದು ಸೇರು ಕಾಳು ಕೊಡಲಿ. ತಡವಾದರೆ ಆ ಮಕ್ಕಳು ಉಳಿಯೋದಿಲ್ಲ."

"ಅಪ್ಪಣೆ ಮಹಾಸ್ವಾಮಿ," ಅಂದರು ಮೂವರೂ. ಮೂವರ ಕಣ್ಣಲ್ಲೂ ನೀರು. ಹಾಡು ತಮ್ಮದು, ಕಾಳು ಊರವರದು, ಪುಣ್ಯ ಮಾತ್ರ ತಮ್ಮದು. ಅತ್ತೆ ಸೊತ್ತನ್ನು ಅಳಿಯ ದಾನ ಮಾಡಿದ ಹಾಗೆ.

ಗಿಳಿಮನೆಯಲ್ಲಿ ಸಾಕವ್ವ ಮೂವರ ಮುಂದೆಯೂ ಒಂದೊಂದು ಗಿಳಿ ಕೂರಿಸಿದಳು. ತಗ್ಗಿನಕೆರೆ ಅವಳ ತವರೂರು. ಕೈ ಮುಗಿದು ಹೇಳಿದಳು: "ಬುದ್ಧಿ, ಒಂದು ಸಲ ಕೇಳಿದ್ದನ್ನ ಗಿಳಿ ಮರೀತದೆ. ನೂರು ಸಲ ಕೇಳಿದ್ದನ್ನ ಸಾಯೋಗಂಟ ಮರೆಯಾಕಿಲ್ಲ. ಹಾಡನ್ನ ನೂರು ಸಲ ಹಾಡಿ."

ನರಹರಿರಾಯ ನಕ್ಕ. "ನೂರು ಸಲ ಹಾಡೋದು ಕಲಿಯುವವರು. ನಮ್ಮಂಥವರಿಗೆ ಒಂದು ಸಲ ಸಾಕು."

ಮೊದಲನೆಯ ದಿನ ಬಂತು. ಹಾಡಿನ ಕೊನೆಗೆ ಗಿಳಿ ಯಾರ ಹೆಸರು ಮೊದಲು ಹೇಳಬೇಕು? "ನನ್ನ ಹೆಸರು ಮೊದಲು!" ಅಂದ ನರಹರಿರಾಯ. ಉಳಿದವರು ಬಿಡಲಿಲ್ಲ. ಅವನೂ ಅದನ್ನೇ ಅನ್ನುವುದು ಬಿಡಲಿಲ್ಲ. ಹೊತ್ತು ಮುಳುಗಿತು.

ಎರಡನೆಯ ದಿನ ಬಂತು. ಯಾರ ಶ್ರುತಿಗೆ ಹಾಡಬೇಕು? "ನನ್ನ ಶ್ರುತಿಗೆ ನೀವು ಬನ್ನಿ!" ಅಂತ ದಿನವಿಡೀ ಅಂದ ಸೋಮಶಾಸ್ತ್ರಿ. ವೀಣೆ ಏರಿಸಿದರೆ ರಾಯನ ಗಂಟಲು ಕೆಮ್ಮುತ್ತದೆ, ಇಳಿಸಿದರೆ ಶಾಸ್ತ್ರಿಯ ಮುಖ ಊದುತ್ತದೆ. ಹೊತ್ತು ಮುಳುಗಿತು.

ಚೆನ್ನಿಗಪ್ಪ ಮೂಲೆಯಲ್ಲಿ ಕೂತು ನಗುತ್ತಿದ್ದ. 'ಎಂಥ ಜಂಬದವರು, ನಾನಂತೂ ಹೀಗಲ್ಲ' ಅಂದುಕೊಳ್ಳುತ್ತಿದ್ದ. ಅವನ ಕಷ್ಟ ಬೇರೆ. ಮೃದಂಗದ ಎಡ ಮುಖಕ್ಕೆ ರವೆ ಕಲಸಿ ಮೆತ್ತಬೇಕು, ಆಗಲೇ ಗುಂ ಅನ್ನುವ ನಾದ. ಅವರಿಬ್ಬರ ಜಗಳ ಮುಗಿಯುವಷ್ಟರಲ್ಲಿ ಮೆತ್ತಿದ ರವೆ ಒಣಗಿ ಉದುರಿಹೋಗುತ್ತಿತ್ತು. ಅದನ್ನು ಕೆರೆದು ಎಸೆದು, ಹೊಸದು ಬರುವ ತನಕ ಅಡುಗೆಮನೆಯ ಕಡೆ ಕೂಗುತ್ತಲೇ ಇರುತ್ತಿದ್ದ: "ರವೆ ತನ್ನಿ! ಇನ್ನಷ್ಟು ರವೆ ತನ್ನಿ!"

ಸಾಕವ್ವ ನೆಲದ ಮೇಲಿನ ರವೆ ನೋಡಿದಳು. "ಬುದ್ಧಿ, ನಿಮ್ಮ ಮೃದಂಗ ಬೆಳಗಿಂದ ಮೂರು ಸಲ ಉಂಡದೆ. ನಮ್ಮೂರ ಮಕ್ಳು ದಿನಕ್ಕೆ ಒಂದೇ ಸಲ ಗಂಜಿ ಕುಡೀತವೆ."

ಚೆನ್ನಿಗಪ್ಪನಿಗೆ ಚುರುಕ್ ಅಂದಿತು. ಆದರೂ ವಿದ್ವಾಂಸನಲ್ಲವೇ? "ನಾದದ ವಿಷಯ ನಿನಗೆ ತಿಳಿಯೋಲ್ಲ ಸಾಕವ್ವ," ಅಂದ. ಮತ್ತೆ ಕೂಗಿದ: "ರವೆ ತನ್ನಿ!"

(ನೀವೇನು ತಟ್ಟೆ ನೋಡುತ್ತೀರಿ? ಇನ್ನೊಂದೇ ಒಂದು ಚಕ್ಕುಲಿ ತಿಂದು ಮುಂದೆ ಹೇಳುತ್ತೇನೆ.)

ಮೂರನೆಯ ದಿನ ಬಂತು. ಇವರು ಹಾಡುವ ಲಕ್ಷಣ ಕಾಣಲಿಲ್ಲ. ಸಾಕವ್ವ ಯೋಚನೆ ಮಾಡಿದಳು. ಗಿಳಿ ಪಂಜರಗಳನ್ನು ಇನ್ನೂ ಹತ್ತಿರಕ್ಕೆ ಎಳೆದಳು. ಏನೂ ತಿಳಿಯದವಳ ಹಾಗೆ ಕೇಳಿದಳು: "ರಾಯರೇ, ನಿಮ್ಮ ಕಣಜ ಭಾರಿ ದೊಡ್ಡದಂತೆ, ದಿಟವಾ?"

ರಾಯ ಮೀಸೆ ತಿರುವಿದ. "ನನ್ನ ಕಣಜ ಒಂದೇ ಸಾಕು! ತಗ್ಗಿನಕೆರೆಗೆ ಒಂದು ವರ್ಷ!"

"ಅಯ್ಯೋ, ಶಾಸ್ತ್ರಿಗಳದ್ದೇ ದೊಡ್ಡದು ಅಂತಾರಲ್ಲ ಜನ?"

ಶಾಸ್ತ್ರಿ ವೀಣೆ ಕೆಳಗಿಟ್ಟ. "ಅದೇ ನಿಜ! ನನ್ನ ಕಣಜ ಒಂದೇ ಸಾಕು! ತಗ್ಗಿನಕೆರೆಗೆ ಒಂದು ವರ್ಷ!"

ಮುದುಕಿ ಚೆನ್ನಿಗಪ್ಪನ ಕಡೆ ತಿರುಗಿ ನಿಟ್ಟುಸಿರು ಬಿಟ್ಟಳು. "ಪಾಪ, ಮೃದಂಗದವರದು ಸಣ್ಣ ಕಣಜವಂತೆ."

ಸುಮ್ಮನಿರಬೇಕು ಅಂತ ಚೆನ್ನಿಗಪ್ಪನಿಗೆ ಗೊತ್ತಿತ್ತು. ಜಂಬ ಇಲ್ಲದವನು ತಾನೊಬ್ಬನೇ ಅಂತ ಎರಡು ದಿನದಿಂದ ಬೀಗಿದ್ದನಲ್ಲ! ಆದರೆ ಆ 'ಸಣ್ಣ' ಅನ್ನುವ ಮಾತು ಚುಚ್ಚಿತು. "ಯಾರು ಹೇಳಿದ್ದು? ನನ್ನ ಕಣಜ ಒಂದೇ ಸಾಕು! ತಗ್ಗಿನಕೆರೆಗೆ ಒಂದು ವರ್ಷ!" ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ಅವನೇ.

"ಕಿವಿ ಮಂದ, ಬುದ್ಧಿ, ಇನ್ನೊಂದು ಸಲ ಹೇಳಿ," ಅಂದಳು ಸಾಕವ್ವ. ರಾಯ ಹೇಳಿದ. ಶಾಸ್ತ್ರಿ ಹೇಳಿದ. ಚೆನ್ನಿಗಪ್ಪ ಹೇಳಿದ. "ಇನ್ನೊಂದು ಸಲ," ಅಂದಳು. ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಹೀಗೆ ನೂರು ಸಲ ಆಯಿತು, ನೂರರ ಮೇಲೂ ಆಯಿತು. ಹೊತ್ತು ಮುಳುಗುವಾಗ ಹಾಡಿನ ನೆನಪಾಗಿ, ಗಡಬಡಿಸಿ ಒಂದು ಸಲ ಹಾಡಿ ಎದ್ದುಹೋದರು.

ನಾಲ್ಕನೆಯ ದಿನ ಬೆಳಗ್ಗೆ ಅರಮನೆ ಅಂಗಳದಲ್ಲಿ ಸಭೆ. ಸಿಂಹಾಸನದ ಮೇಲೆ ರಾಜ. ಎದುರಿಗೆ ತಗ್ಗಿನಕೆರೆಯ ಜನ, ಕೈಯಲ್ಲಿ ಖಾಲಿ ಬೋಗುಣಿ. ಪಕ್ಕದಲ್ಲಿ ಶಾಲು ಹೊದ್ದ ಮೂವರು. ಗಿಳಿಗಳು ಹೊರಡುವ ಮುಂಚೆ ತಾನು ಹಾಡು ಕೇಳಬೇಕು ಅಂದ ರಾಜ.

ಮೊದಲನೆಯ ಗಿಳಿ ಕತ್ತು ಕೊಂಕಿಸಿ, ರಾಯನ ದನಿಯಲ್ಲಿ ನುಡಿಯಿತು: "ನನ್ನ ಹೆಸರು ಮೊದಲು! ನನ್ನ ಹೆಸರು ಮೊದಲು!"

ಎರಡನೆಯ ಗಿಳಿ ಶಾಸ್ತ್ರಿಯ ದನಿಯಲ್ಲಿ ನುಡಿಯಿತು: "ನನ್ನ ಶ್ರುತಿಗೆ ನೀವು ಬನ್ನಿ!"

ಸಭೆ ಗೊಳ್ಳೆಂದು ನಕ್ಕಿತು. ಚೆನ್ನಿಗಪ್ಪನೂ ನಗಲು ಬಾಯಿ ತೆರೆದ. ಅಷ್ಟರಲ್ಲಿ ಅವನ ಗಿಳಿ ಬಾಯಿ ತೆರೆಯಿತು. "ರವೆ ತನ್ನಿ! ಇನ್ನಷ್ಟು ರವೆ ತನ್ನಿ!"

ಎಲ್ಲರೂ ನಕ್ಕರು. ಮುಂದಿನ ಸಾಲಿನ ಒಂದು ಪುಟ್ಟ ಹುಡುಗಿ ಮಾತ್ರ ನಗಲಿಲ್ಲ. ಬೋಗುಣಿ ಎತ್ತಿ ಹಿಡಿದು, ಅಡುಗೆಮನೆ ಬಾಗಿಲ ಕಡೆ ನೋಡಿದಳು. "ಅವ್ವಾ, ರವೆ ತತ್ತಾರಾ?" ಅಂದಳು.

ನಗು ನಿಂತುಹೋಯಿತು. ಚೆನ್ನಿಗಪ್ಪನ ಬಾಯಿ ತೆರೆದದ್ದು ತೆರೆದ ಹಾಗೇ ಇತ್ತು. ಮೂರು ದಿನ ತಾನು ಕೆರೆದು ಎಸೆದ ರವೆ ಕಣ್ಣ ಮುಂದೆ ಬಂತು. ಅದರಲ್ಲಿ ಈ ಮಗುವಿಗೆ ಎಷ್ಟು ಹೊತ್ತಿನ ಊಟವಾಗುತ್ತಿತ್ತೋ! ಅವನಿಗೆ ನಾಚಿಕೆಯಾಯಿತು. ಹುಟ್ಟಿದ ಮೇಲೆ ಅಷ್ಟು ನಾಚಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಗಿಳಿಗಳು ಇನ್ನೂ ಮುಗಿಸಿರಲಿಲ್ಲ. ಮೂರೂ ಒಟ್ಟಿಗೆ ಕಿರುಚಿದವು: "ನನ್ನ ಕಣಜ ಒಂದೇ ಸಾಕು! ತಗ್ಗಿನಕೆರೆಗೆ ಒಂದು ವರ್ಷ!"

"ಸುಳ್ಳು ಗಿಳಿ!" ಅಂದ ರಾಯ. "ನಾನು ಹಾಗೆ ಅಂದೇ ಇಲ್ಲ!" ಅಂದ ಶಾಸ್ತ್ರಿ.

ಸಾಕವ್ವ ಅಡ್ಡಬಿದ್ದಳು. "ಮಾಸ್ವಾಮಿ, ನಂಗೆ ಓದಾಕೆ ಬರಾಕಿಲ್ಲ. ಆ ಕಲ್ಲಿನ ಕೊನೆ ಸಾಲು ಏನು ಅಂತ ಈ ವಿದ್ವಾಂಸರ ಕೈಲೇ ಓದಿಸಿ."

ರಾಯ ಶಾಸ್ತ್ರಿಯ ಮುಖ ನೋಡಿದ. ಶಾಸ್ತ್ರಿ ನೆಲ ನೋಡಿದ. ಚೆನ್ನಿಗಪ್ಪ ಎದ್ದು ಹೋಗಿ ಕಲ್ಲಿನ ಮುಂದೆ ನಿಂತು ಗಟ್ಟಿಯಾಗಿ ಓದಿದ: "ದನಿ ಯಾರದೋ ಅವರು ಅದನ್ನು ನನ್ನದಲ್ಲ ಅನ್ನುವಂತಿಲ್ಲ." ಆಮೇಲೆ ಸೊಂಟದಿಂದ ಕಣಜದ ಬೀಗದ ಕೈ ತೆಗೆದು ಸಾಕವ್ವನ ಕೈಯಲ್ಲಿಟ್ಟ. "ಗಿಳಿ ಹೇಳಿದ್ದು ನನ್ನ ಮಾತೇ. ಮೊದಲು ಆ ಮಗುವಿಗೆ ಉಪ್ಪಿಟ್ಟು ಮಾಡಿಸು, ತಾಯಿ."

ರಾಜನ ಕಣ್ಣು ಉಳಿದಿಬ್ಬರ ಮೇಲೆ ಬಿತ್ತು. ಅವರ ಬೀಗದ ಕೈಗಳೂ ಹೊರಗೆ ಬಂದವು, ಹಲ್ಲು ಕಿತ್ತಷ್ಟು ಕಷ್ಟದಿಂದ. ಒಬ್ಬೊಬ್ಬರದು ಒಂದೊಂದು ವರ್ಷ. ತಗ್ಗಿನಕೆರೆ ಮೂರು ವರ್ಷ ಹೊಟ್ಟೆ ತುಂಬ ಉಂಡಿತು. ಅಷ್ಟರಲ್ಲಿ ಕೆರೆ ಏರಿಯನ್ನೂ ಕಟ್ಟಿಕೊಂಡಿತು.

ಹಾಡು? ಅದೂ ಆಯಿತು. ಜನ ಊಟಕ್ಕೆ ಕೂತಾಗ ಚೆನ್ನಿಗಪ್ಪ ಬಡಿಸುತ್ತಾ ಗುನುಗುತ್ತಿದ್ದ, ದಿನಾ ಗುನುಗುತ್ತಿದ್ದ. ನೂರು ದಿನದಲ್ಲಿ ಗಿಳಿ ಕಲಿತೇ ಬಿಟ್ಟಿತು. ಅವತ್ತಿನಿಂದ ಅವನು ಮೃದಂಗಕ್ಕೆ ಒಂದು ಹಿಡಿ ರವೆ ಮೆತ್ತಿದರೆ, ಹಸಿದವರಿಗೆ ಒಂದು ಸೇರು ಅಳೆಯುತ್ತಿದ್ದನಂತೆ. ಆದರೆ ಅವನ ಮನೆ ಸೇರಿದ ಆ ಗಿಳಿ ಹಳೆಯದನ್ನೂ ಮರೆಯಲಿಲ್ಲ. ಮನೆಗೆ ನೆಂಟರು ಬಂದಾಗ ಚೆನ್ನಿಗಪ್ಪ, "ನಾನು ಮಾಡಿದ ದಾನ ಇದೆಯಲ್ಲಾ..." ಅಂತ ಶುರು ಮಾಡಿದರೆ ಸಾಕು, ಸೂರಿನಿಂದ ಅವನದೇ ದನಿ ಕೇಳಿಸುತ್ತಿತ್ತು: "ರವೆ ತನ್ನಿ!"

ಇದರ ನೀತಿ ಏನು? ಹಸಿದವರ ಮೇಲೆ ಹಾಡು ಕಟ್ಟುವವನು ಮೊದಲು ತನ್ನ ಕಣಜದ ಬಾಗಿಲು ತೆಗೆಯಬೇಕು.

ಏನು? ಕಥೆ ಹೇಳುವವನಿಗೂ ಈ ನೀತಿ ಸೇರುತ್ತದಾ ಅಂತೀರಾ? ಅಯ್ಯೋ, ಗಿಳಿಮರಿಗಳಾ! ತಗೊಳ್ಳಿ ತಟ್ಟೆ. ಮೂರೇ ಉಳಿದಿವೆ. ಮುರಿದು ಹಂಚಿಕೊಳ್ಳಿ, ನನಗೆ ಬೇಡ.