ಬೆಳ್ಳಿಗೆಜ್ಜೆಗೆ ಒಲಿಯದ ಸೂಜಿಗಲ್ಲವ್ವ

ಬೆಟ್ಟಗಳಿಗೆ ಇನ್ನೂ ಯಾರೂ ಹೆಸರಿಡದಿದ್ದ, ಮಳೆಯು ಕೊಟ್ಟ ಮಾತಿಗೆ ತಪ್ಪದಿದ್ದ ಆದಿಯುಗದಲ್ಲಿ, ಇಂದು ಕರಿಗುಡ್ಡವೆಂದು ಕರೆಯಲ್ಪಡುವ ಈ ಶ್ಯಾಮಶಿಲಾಪರ್ವತದ ತಪ್ಪಲಲ್ಲಿ, ಕಲ್ಲಿನೊಡಲಿನಿಂದ ಕಬ್ಬಿಣವನ್ನು ಬೇರ್ಪಡಿಸುವ ವಿದ್ಯೆಯಲ್ಲಿ ಪಾರಂಗತನಾದ ಮಾಳೋಜನೆಂಬ ಕಮ್ಮಾರನು ತನ್ನ ಧರ್ಮಪತ್ನಿಯಾದ ಬಾಚವ್ವೆಯೊಡನೆ ವಾಸಿಸುತ್ತಿದ್ದನು. ಋಷಿಮುನಿಗಳ ಕಥೆಯನ್ನು ನಿರೀಕ್ಷಿಸಿ ಬಂದ ಭಕ್ತರು ಮನ್ನಿಸಬೇಕು. ಈ ಕ್ಷೇತ್ರಕ್ಕೆ ಮಹಿಮೆ ಬಂದದ್ದು ತಪಸ್ಸಿನಿಂದಲ್ಲ, ಒಬ್ಬ ತಂದೆಯ ಕಣ್ಣೀರಿನಿಂದ.

ಮಾಳೋಜನ ಬಳಿ ಪಿತೃಪರಂಪರೆಯಿಂದ ಬಂದ ಒಂದು ಸೂಜಿಗಲ್ಲಿತ್ತು. ಸಂಸ್ಕೃತಜ್ಞರು ಅಯಸ್ಕಾಂತವೆನ್ನುವ, ಸಿಡಿಲಿನ ತೇಜಸ್ಸನ್ನು ಒಡಲಲ್ಲಿ ಅಡಗಿಸಿಕೊಂಡ ಅಂಗೈಯಗಲದ ಆ ಕೃಷ್ಣಶಿಲೆಯನ್ನು ಉಣ್ಣೆಯ ನೂಲಿನಲ್ಲಿ ತೂಗಿಬಿಟ್ಟರೆ ಅದರ ಒಂದು ತುದಿ ತಾನಾಗಿಯೇ ಬಡಗಣಕ್ಕೆ ಮುಖಮಾಡಿ ನಿಲ್ಲುತ್ತಿತ್ತು. ಸಮೀಪದಲ್ಲಿ ಕಬ್ಬಿಣವಿದ್ದರೆ ಮಾತ್ರ ದಿಕ್ಕನ್ನು ಮರೆತು, ತವರಿನ ದನಿ ಕೇಳಿದ ಹೆಣ್ಣುಮಗಳಂತೆ ಅತ್ತ ಹೊರಳುತ್ತಿತ್ತು. ಲೋಕವೆಲ್ಲ ಪೆಟ್ಟಿಗೆಯಲ್ಲಿಟ್ಟು ಕಾಯುವ ಚಿನ್ನಬೆಳ್ಳಿಗಳನ್ನಾಗಲಿ, ತಾಮ್ರ, ಹಿತ್ತಾಳೆ, ಸೀಸಗಳನ್ನಾಗಲಿ ಅದು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ತನ್ನ ಮೈಗೆ ಉಜ್ಜಿದ ಸೂಜಿಗೂ ಒಂದಿಷ್ಟು ಗುಣವನ್ನು ಧಾರೆಯೆರೆಯುತ್ತಿದ್ದ ಆ ಕಲ್ಲು, ಬೆಂಕಿಯಲ್ಲಿ ಕೆಂಪಗೆ ಕಾದರೆ ಮಾತ್ರ ಸತ್ವವನ್ನು ಕಳೆದುಕೊಂಡು ಬರಿಯ ಕಲ್ಲಾಗುವುದೆಂದು ಕಮ್ಮಾರರು ಅರಿತಿದ್ದರು. ಅವರಲ್ಲಿ ಒಂದು ಕಟ್ಟುಪಾಡಿತ್ತು: ಸೂಜಿಗಲ್ಲನ್ನು ಹಿಡಿದು ಅದಿರನ್ನು ಅರಸಲು ಹೊರಟವನ ಮೈಮೇಲೆ ಕಬ್ಬಿಣದ ಚೂರೂ ಇರಕೂಡದು, ಸುತ್ತಲಿನವರೂ ಹಾರೆಗುದ್ದಲಿಗಳನ್ನು ದೂರವಿಟ್ಟು ನಿಲ್ಲಬೇಕು. ಈ ಕಟ್ಟುಪಾಡನ್ನು ಊರಿಗೆಲ್ಲ ಕಲಿಸಿದವನು ಮಾಳೋಜನೇ.

ಬಹುಕಾಲ ಸಂತಾನವಿಲ್ಲದೆ ಕೊರಗಿದ ಆ ದಂಪತಿಗಳಿಗೆ ಸೋಮಿ ಎಂಬ ಹೆಣ್ಣುಮಗು ಹುಟ್ಟಿತು. ಹುಟ್ಟಿದಂದೇ ತಾಯಿ ಅದರ ಕಾಲಿಗೆ ದೃಷ್ಟಿಪರಿಹಾರಾರ್ಥವಾಗಿ ಕಬ್ಬಿಣದ ಕಡಗವನ್ನು ತೊಡಿಸಿದಳು; ಮಗು ಬೆಳೆದಂತೆ ತಂದೆ ಅದನ್ನು ಹಿಗ್ಗಿಸಿಕೊಡುತ್ತ ಬಂದನು. ಆದರೆ ಮುದ್ದು ಎಂಬುದು ಇದ್ದುದರಲ್ಲಿ ತೃಪ್ತಿಪಡುವ ಜಾತಿಯಲ್ಲ. ದಿನವೆಲ್ಲ ಕಪ್ಪು ಲೋಹದೊಡನೆ ಗುದ್ದಾಡುವ ತನ್ನಂಥವನ ಮಗಳ ಕಾಲಲ್ಲೂ ಬಿಳಿಯದೊಂದು ಮಿನುಗಲೆಂದು, ಒಂದೇ ಕಾಲಿಗಾಗುವಷ್ಟು ಬೆಳ್ಳಿಯನ್ನು ಕೂಡಿಸಿ ಮಾಳೋಜನು ತನ್ನ ಕೈಯಾರೆ ಒಂದು ಗೆಜ್ಜೆ ಮಾಡಿದನು.

“ಬೆಳ್ಳಿ ಹಾಕ್ರಿ, ಬ್ಯಾಡ ಅನ್ನಂಗಿಲ್ಲ,” ಎಂದಳು ಬಾಚವ್ವೆ. “ಆದ್ರ ಕಬ್ಬಿಣ ಮಾತ್ರ ತಗೀಬ್ಯಾಡ್ರಿ. ಅದು ಕೂಸಿಗೆ ಕಾವಲು.”

ಹಾಗೆಯೇ ಆಗಲೆಂದು ಒಂದೇ ಕಾಲಿಗೆ ಎರಡನ್ನೂ ತೊಡಿಸಿದರು.

ಮರುದಿನ ಮಾಳೋಜನು ಕುಲುಮೆಯ ಮುಂದೆ ಕುಳಿತು, ಅಗ್ನಿಯ ವರ್ಣವು ಕೆಂಪಿನಿಂದ ಬಿಳಿಗೆ ತಿರುಗುವ ಆ ಸೂಕ್ಷ್ಮಕ್ಷಣವನ್ನು ರೆಪ್ಪೆಯಾಡಿಸದೆ ಕಾಯುತ್ತಿದ್ದನು. ಸೋಮಿ ಹಿಂದಿನಿಂದ ಬಂದಳು. ಕಡಗವು ಬಡಿದು ಗೆಜ್ಜೆಯ ನಾದ ಕೆಡುತ್ತಿದ್ದುದರಿಂದ ಅದನ್ನು ಕಾಲಿನಿಂದ ಜಾರಿಸಿ ತೆಗೆದಿದ್ದಳು.

“ಅಪ್ಪಾ, ಇದು ಬ್ಯಾಡ, ಸಪ್ಪಳ ಕೆಡಸ್ತೈತಿ. ನೀ ಇಟ್ಕೋ.”

“ಹೂಂ,” ಎಂದನು ಮಾಳೋಜ. ಕಣ್ಣು ಬೆಂಕಿಯ ಮೇಲಿತ್ತು. ಹಿಂದಕ್ಕೆ ಚಾಚಿದ ಕೈಗೆ ಸಿಕ್ಕಿದ್ದು ಏನೆಂದೂ ನೋಡದೆ ನಡುವಸ್ತ್ರದ ಮಡಿಕೆಗೆ ಸಿಕ್ಕಿಸಿಕೊಂಡನು. ಮಗು ಇನ್ನೊಮ್ಮೆ ಕರೆಯಿತು, ಗೆಜ್ಜೆಯ ಕುಣಿತವನ್ನು ತೋರಿಸಲು. ಅದಕ್ಕೂ ಅವನು ಹೂಂ ಎಂದನೇ ಹೊರತು ತಿರುಗಿ ನೋಡಲಿಲ್ಲ. ಕೆಲಸವುಳ್ಳ ತಂದೆತಾಯಿಗಳು ಯಾರು ತಾನೇ ಹೀಗೆ ಮಾಡಿಲ್ಲ!

ನೋಡುವವರಿಲ್ಲದ ಸೋಮಿ, ಕುಲುಮೆಯ ಗೋಡೆಗೆಂದು ಜೇಡಿಮಣ್ಣು ತೆಗೆಯುತ್ತಿದ್ದ ಹಳ್ಳಕ್ಕಿಳಿದು ಒಬ್ಬಳೇ ಕುಣಿಯತೊಡಗಿದಳು. ಒಳಗೊಳಗೇ ಟೊಳ್ಳಾಗಿದ್ದ ದಡವು ಮೇಲಿನಿಂದ ಕುಸಿದುಬಿತ್ತು. ಕೂಗು ಕೇಳಿ ಊರವರು ಹಾರೆಗುದ್ದಲಿಗಳೊಡನೆ ಓಡಿಬಂದು ಅಗೆಯಲು ಹತ್ತಿದರು. ಮಾಳೋಜನು ಸೂಜಿಗಲ್ಲನ್ನು ಹಿಡಿದು ಏದುಸಿರು ಬಿಡುತ್ತ ಬಂದನು.

“ಅಗೀಬ್ಯಾಡ್ರಿ! ಹಾರಿ, ಗುದ್ದಲಿ ಎಲ್ಲಾ ಒಗದು ದೂರ ಸರೀರಿ! ಆಕಿ ಕಾಲಾಗ ಕಬ್ಬಿಣ ಐತಿ. ಕಲ್ಲು ತೋರಸ್ತೈತಿ!”

ಗುರುವಿನ ಮಾತಿಗೆ ಎದುರಾಡದೆ ಎಲ್ಲರೂ ಹಿಂದೆ ಸರಿದರು. ಮಾಳೋಜನು ನೂಲನ್ನು ಇಳಿಬಿಟ್ಟನು. ಕಲ್ಲು ತೂಗಾಡಿ, ಸುತ್ತಿ, ಅವನ ಕಡೆಗೇ ಹೊರಳಿತು. ಎರಡು ಹೆಜ್ಜೆ ಹಿಂದಿಟ್ಟನು, ಆಗಲೂ ಅವನತ್ತಲೇ. ಹಳ್ಳದ ಆಚೆಬದಿಗೆ ಹೋಗಿ ತೂಗಿದರೂ ಅವನತ್ತಲೇ. ಮಗಳು ತನ್ನ ಪಾದದಡಿಯಲ್ಲೇ ಇದ್ದಾಳೆಂದು ಭಾವಿಸಿ, ನಿಂತ ನೆಲವನ್ನು ಉಗುರು ಕಿತ್ತುಬರುವಂತೆ ಬರಿಗೈಯಲ್ಲಿ ಬಗೆದನು, ಏನೂ ಸಿಗಲಿಲ್ಲ. ಮತ್ತೊಂದೆಡೆ ತೂಗಿ, ಅಲ್ಲಿಯೂ ಬಗೆದನು. ಕುಲಗುರುವಾದ ಕಲ್ಲು ಸುಳ್ಳಾಡದೆಂಬ ನಂಬಿಕೆ ಅವನನ್ನು ಬಿಡಲಿಲ್ಲ, ಅವನ ಮೇಲಿನ ನಂಬಿಕೆ ಊರವರನ್ನು ಬಿಡಲಿಲ್ಲ.

ಕಡೆಗೆ ಬಾಚವ್ವೆಯೇ ಯಾರ ಮಾತನ್ನೂ ಕೇಳದೆ ಗುದ್ದಲಿ ಎತ್ತಿಕೊಂಡು, ಮೊದಲು ಊರವರು ಅಗೆಯುತ್ತಿದ್ದ ಎಡೆಯಲ್ಲೇ ಅಗೆದಳು. ಮೊಣಕಾಲುದ್ದ ಮಣ್ಣಿನ ಕೆಳಗೆ ಮಗು ಸಿಕ್ಕಿತು. ಮೈ ಇನ್ನೂ ಬೆಚ್ಚಗಿತ್ತು, ಉಸಿರು ಮಾತ್ರ ಇರಲಿಲ್ಲ. ಕಾಲಿನಲ್ಲಿ ಬೆಳ್ಳಿಯ ಗೆಜ್ಜೆಯೊಂದೇ ಇತ್ತು.

ಮಗುವಿಗೆ ಹೊದಿಸಲೆಂದು ಅವಳು ಗಂಡನ ನಡುವಸ್ತ್ರವನ್ನು ಸೆಳೆದಾಗ ಮಡಿಕೆಯಿಂದ ಕಡಗವು ಜಾರಿ, ನೆಲಕ್ಕೆ ಬೀಳುವ ಮೊದಲೇ ಅವನ ಕೈಯಲ್ಲಿದ್ದ ಸೂಜಿಗಲ್ಲಿಗೆ ಹಾರಿ ಅಂಟಿಕೊಂಡಿತು. ಮಾಳೋಜನಿಗೆ ಆಗ ಬೆನ್ನ ಹಿಂದಿನ ಆ ದನಿ ನೆನಪಾಯಿತು. ಬಾಚವ್ವೆ ಆ ವಸ್ತ್ರವನ್ನು ಮಗುವಿಗೆ ಹೊದಿಸಿದಳು.

ಪುತ್ರೀಶೋಕದಿಂದ ದಗ್ಧಹೃದಯನಾದ ಮಾಳೋಜನು ಕಲ್ಲನ್ನು ಸುಟ್ಟು ಸತ್ವಹೀನವಾಗಿಸುವೆನೆಂದು ಧಗಧಗಿಸುವ ಕುಲುಮೆಯತ್ತ ಕೈಯೆತ್ತಿದಾಗ, ಜ್ವಾಲಾಮಧ್ಯದಿಂದ, ಆ ಕಲ್ಲಿನಲ್ಲಿ ನೆಲೆಸಿದ್ದ ಸೂಜಿಗಲ್ಲವ್ವ ದೇವಿಯ ವಾಣಿಯು ಕೇಳಿಬಂದಿತು:

“ವತ್ಸ, ನಿಲ್ಲು. ನಾನು ಸುಳ್ಳಾಡಲಿಲ್ಲ. ಕಬ್ಬಿಣವು ಎಲ್ಲಿತ್ತೋ ಅಲ್ಲಿಗೇ ತಿರುಗಿದೆನು. ಬೆಳ್ಳಿಯ ಕರೆ ನನಗೆ ಕೇಳಿಸದು. ಅದು ನನ್ನ ಹುಟ್ಟಿನ ಕಿವುಡು. ಕಿವಿಯಿದ್ದ ನೀನು ಬೆಂಕಿಯನ್ನು ನೋಡುತ್ತಿದ್ದೆ. ನನ್ನನ್ನು ಸುಟ್ಟರೆ ನಿನ್ನೊಡಲು ತಣಿಯದು. ಮಗು ಮಲಗಿದ್ದ ನೆಲದಲ್ಲಿ ನನ್ನನ್ನು ನಿಲ್ಲಿಸು. ತಾಯಂದಿರು ತರುವ ಕಬ್ಬಿಣವನ್ನು ನಾನು ಹಿಡಿದಿಡುವೆನು. ನಾನು ಹಿಡಿಯಲಾರದ್ದನ್ನು ನೀನು ಹಿಡಿದಿರು. ಕರೆದ ಮಗುವಿನತ್ತ ಮುಖ ತಿರುಗಿಸದವನ ಪೂಜೆ ನನಗೆ ಬೇಡ.”

ಕಮ್ಮಾರನು ಕಲ್ಲನ್ನು ಅಲ್ಲಿಯೇ ಪ್ರತಿಷ್ಠಾಪಿಸಿದನು. ಅದು ಬೆಳೆದು ಆಳೆತ್ತರದ ಬಂಡೆಯಾಯಿತೆಂದು ಹಿರಿಯರು ಹೇಳುತ್ತಾರೆ. ಅದರ ಬುಡದಲ್ಲಿ ತುಕ್ಕಿನ ಬಣ್ಣದ ಒಂದು ಒರತೆಯಿದೆ. ನಾಲಗೆಗಿಟ್ಟರೆ ಕಬ್ಬಿಣದ ರುಚಿ. ಶ್ರಾವಣದ ಮೊದಲ ಮಂಗಳವಾರ ತಾಯಂದಿರು ಮಕ್ಕಳಿಗೆ ಚಿಕ್ಕದಾದ ಕಬ್ಬಿಣದ ಕಡಗಗಳನ್ನು ತಂದು ಬಂಡೆಗೆ ತಾಗಿಸುತ್ತಾರೆ, ಅವು ಅಂಟಿ ನಿಲ್ಲುತ್ತವೆ. ಚಿನ್ನಬೆಳ್ಳಿಯ ಕಾಣಿಕೆಗೆ ಇಲ್ಲಿ ಜಾಗವಿಲ್ಲ. ಇರುವುದು ಒಂದೇ ಒಂದು ಪುಟ್ಟ ಗೆಜ್ಜೆ. ಪೂಜೆಯಲ್ಲಿ ಅದನ್ನೂ ಬಂಡೆಗೆ ತಾಗಿಸುವುದು ಸಂಪ್ರದಾಯ. ಅದು ಜಾರುತ್ತದೆ. ಮಾಳೋಜನ ತಮ್ಮನ ವಂಶದವರಾದ ಅರ್ಚಕರು ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಲಗೈಯಿಂದ ಮಂಗಳಾರತಿ ಎತ್ತುತ್ತಾರೆ.

ಆ ಹೊತ್ತಿನಲ್ಲಿ ನೆರೆದವರ ನಡುವೆ ಯಾವುದಾದರೂ ಮಗು ಕೂಗಿದರೆ, ಅದು ಯಾರದೇ ಆಗಿರಲಿ, ಏತಕ್ಕೇ ಕೂಗಿರಲಿ, ಗಂಟೆ ನಿಲ್ಲುತ್ತದೆ. ಅರ್ಚಕರು ಆರತಿಯನ್ನು ಕೆಳಗಿಟ್ಟು, ದೇವಿಗೆ ಬೆನ್ನು ಮಾಡಿ, ಆ ಮಗುವಿನತ್ತ ತಿರುಗಿ ನೋಡಿ, “ಏನವ್ವಾ?” ಎಂದು ಕೇಳುತ್ತಾರೆ. ಮಗು ಹೇಳಿ ಮುಗಿಸುವವರೆಗೆ ಆರತಿ ಕಾಯುತ್ತದೆ.